ಹೊಳೆ ಬರುವ ಪೇಟೆಯನ್ನು ಮತ್ತೆ ಕಟ್ಟುವುದು ಹೇಗೆ?

ಪ್ರಶ್ನೆ: ನಾವು ಗೋಕಾಕದ ಹಳೆಯ ಪೇಟೆಯಲ್ಲಿ ಅಜ್ಜನ ಕಾಲದಿಂದ ಕರದಂಟು ಮಾಡುವವರು. ಕೆಳಗೆ ಭಟ್ಟಿ ಮತ್ತು ಅಂಗಡಿ, ಮೇಲೆ ಮನೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆಯ ನೀರು ಒಳಗೆ ನುಗ್ಗಿ ಬೆಲ್ಲ, ಕೊಬ್ಬರಿ, ಅಂಟು ಎಲ್ಲವೂ ಹಾಳಾದವು. ಅಂದಿನಿಂದ ಪ್ರತಿ ಮಳೆಗಾಲವನ್ನೂ ಭಯದಲ್ಲೇ ಕಳೆಯುತ್ತಿದ್ದೇವೆ. ಪೇಟೆಯನ್ನು ಹೊಸದಾಗಿ ಕಟ್ಟಬೇಕು, ಹೊಳೆದಂಡೆಗೆ ಎತ್ತರದ ತಡೆಗೋಡೆ ಹಾಕಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಊರಲ್ಲಿ ಹಲವರು ಹೇಳುತ್ತಾರೆ. ಗೋಡೆ ಸಾಕೇ? ನಾವು ಇಲ್ಲಿಯೇ ಹಣ ಹಾಕುವುದೇ, ಊರ ಹೊರಗೆ ಹೋಗುವುದೇ?

ಉತ್ತರ: ಗೋಡೆಯೊಂದೇ ಸಾಲದು. ಎಲ್ಲಕ್ಕಿಂತ ಮೊದಲು ಗೋಡೆಯನ್ನೇ ಕಟ್ಟಿದರೆ ಇಂದಿಗಿಂತ ಹೆಚ್ಚಿನ ಹಾನಿಗೆ ನಾವೇ ದಾರಿ ಮಾಡಿಕೊಟ್ಟಂತಾಗುವ ಸಾಧ್ಯತೆಯೂ ಇದೆ. ಗೋಡೆಯ ಭರವಸೆಯಿಂದ ತಗ್ಗಿನ ಜಾಗದ ಬೆಲೆ ಏರುತ್ತದೆ, ಅಲ್ಲಿ ಮಳಿಗೆಗಳು, ಗೋದಾಮುಗಳು, ಮನೆಗಳು ಒತ್ತೊತ್ತಾಗಿ ಏಳುತ್ತವೆ. ಗೋಡೆಯ ಲೆಕ್ಕವನ್ನು ಮೀರಿದ ಮಹಾಪೂರ ಒಂದು ದಿನ ಬಂದಾಗ ಮುಳುಗುವ ಆಸ್ತಿ ಮೊದಲಿದ್ದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿರುತ್ತದೆ. ಆದ್ದರಿಂದ ಪೇಟೆಯ ಪುನರ್ನಿರ್ಮಾಣದ ನಕ್ಷೆಯಲ್ಲಿ ಮೊದಲು ಎಳೆಯಬೇಕಾದದ್ದು ನೀರಿನ ಗೆರೆ. ರಸ್ತೆ, ಮಳಿಗೆ, ಗೋಡೆಗಳ ಗೆರೆಗಳು ಅದರ ನಂತರ ಬರಬೇಕು. ಈ ಅನುಕ್ರಮವೊಂದನ್ನು ಬಿಗಿಯಾಗಿ ಹಿಡಿದರೆ ಉಳಿದ ತೀರ್ಮಾನಗಳಲ್ಲಿ ಬಹುಪಾಲು ತಾವಾಗಿಯೇ ಸ್ಪಷ್ಟವಾಗುತ್ತವೆ, ನಿಮ್ಮ ಕಟ್ಟಡದ ಪ್ರಶ್ನೆಯೂ ಸೇರಿದಂತೆ.

ನೀರಿನ ಗೆರೆ ಎಳೆಯಬೇಕಾದರೆ ಗೋಕಾಕಕ್ಕೆ ನೀರು ಎಲ್ಲಿಂದ ಬರುತ್ತದೆ ಎಂಬುದು ಖಚಿತವಾಗಬೇಕು. ಊರಿನಲ್ಲಿ ಎಲ್ಲರ ಬಾಯಲ್ಲೂ ಇರುವುದು ಹಿಡಕಲ್ ಜಲಾಶಯ. ಮಹಾಪೂರ ಬಂದಾಗ ‘ಡ್ಯಾಮಿನವರು ನೀರು ಬಿಟ್ಟರು’ ಎನ್ನುವುದು ರೂಢಿಯ ಮಾತು. ಅದರಲ್ಲಿ ಸತ್ಯವಿದೆ, ಆದರೆ ಪೂರ್ಣ ಸತ್ಯವಿಲ್ಲ. ಪಶ್ಚಿಮ ಘಟ್ಟದಿಂದ ಇಳಿದು ಬರುವ ಘಟಪ್ರಭೆಗೆ ಹಿಡಕಲ್‌ನಲ್ಲಿ ಅಣೆಕಟ್ಟು ಇದೆ. ಮಹಾರಾಷ್ಟ್ರದ ಆಂಬೋಲಿಯ ಸುತ್ತಲಿನ ಭಾರೀ ಮಳೆಯನ್ನು ಹೊತ್ತು ಸಂಕೇಶ್ವರದ ಮೇಲಿಂದ ಬರುವ ಹಿರಣ್ಯಕೇಶಿ ಆ ಅಣೆಕಟ್ಟಿನ ಕೆಳಗೆ ಬಂದು ಸೇರುತ್ತದೆ, ಅದರ ನೀರನ್ನು ಹಿಡಿದಿಡಲು ಹಿಡಕಲ್‌ನಂಥ ದೊಡ್ಡ ಜಲಾಶಯವಿಲ್ಲ. ಮೂರನೆಯದು ಬೆಳಗಾವಿಯ ಬದಿಯಿಂದ ಗೊಡಚಿನಮಲ್ಕಿ ಜಲಪಾತವನ್ನು ಇಳಿದು ಬರುವ ಮಾರ್ಕಂಡೇಯ. ಅದಕ್ಕೆ ಶಿರೂರಿನಲ್ಲಿ ಜಲಾಶಯವಿದ್ದರೂ ಅದರ ಸಾಮರ್ಥ್ಯ 4 ಟಿಎಂಸಿ ಅಡಿಗಿಂತ ಕಡಿಮೆ, ಹಿಡಕಲ್‌ನದು 51 ಟಿಎಂಸಿ ಅಡಿ (ಒಂದು ಟಿಎಂಸಿ ಅಡಿ ಎಂದರೆ ನೂರು ಕೋಟಿ ಘನ ಅಡಿ ನೀರು). ಮಾರ್ಕಂಡೇಯ ಘಟಪ್ರಭೆಯನ್ನು ಕೂಡುವುದು ನಿಮ್ಮ ಊರಿನ ಬಳಿಯಲ್ಲೇ. ಹೀಗೆ ಮೂರು ಹೊಳೆಗಳ ನೀರು ಗೋಕಾಕದ ಹೊತ್ತಿಗೆ ಒಂದಾಗುತ್ತದೆ, ಅವುಗಳಲ್ಲಿ ಮನುಷ್ಯರ ಕೈಯಲ್ಲಿ ಚೆನ್ನಾಗಿ ಹಿಡಿತವಿರುವುದು ಒಂದರ ಮೇಲೆ ಮಾತ್ರ. ಮೂರರ ಏರುನೀರು ಬೇರೆ ಬೇರೆ ಹೊತ್ತಿಗೆ ಬಂದರೆ ಊರು ಪಾರಾಗುತ್ತದೆ, ಒಂದೇ ಹೊತ್ತಿಗೆ ಬಂದರೆ 2019ರಂತೆ ಆಗುತ್ತದೆ.

ನೆಲದ ರಚನೆಯೂ ಊರಿಗೆ ಅನುಕೂಲವಾಗಿಲ್ಲ. ಗೋಕಾಕ ಜಲಪಾತದಲ್ಲಿ ಸುಮಾರು 52 ಮೀಟರ್ ಕೆಳಗೆ ಧುಮುಕಿ ಕಲ್ಲಿನ ಕಮರಿಯೊಳಗೆ ವೇಗವಾಗಿ ಹರಿಯುವ ಹೊಳೆ, ಕಮರಿ ದಾಟಿದೊಡನೆ ಬಯಲಿಗೆ ಬರುತ್ತದೆ. ಇಳಿಜಾರು ಕಡಿಮೆಯಾದಲ್ಲಿ ನೀರಿನ ವೇಗ ಕುಗ್ಗುತ್ತದೆ, ವೇಗ ಕುಗ್ಗಿದರೆ ಅಷ್ಟೇ ನೀರಿಗೆ ಹೆಚ್ಚು ಜಾಗ ಬೇಕಾಗುತ್ತದೆ, ಆ ಜಾಗವನ್ನು ಹೊಳೆ ಅಕ್ಕಪಕ್ಕದಲ್ಲಿ ಹರಡಿಕೊಂಡು ಪಡೆಯುತ್ತದೆ. 1885ರಲ್ಲಿ ಆರಂಭವಾದ ಗೋಕಾಕದ ನೂಲಿನ ಗಿರಣಿ ಜಲಪಾತದ ತಲೆಯ ಮೇಲೆ, ಗಟ್ಟಿ ಬಂಡೆಯ ನೆಲದಲ್ಲಿ ನಿಂತಿತು. ಆ ಗಿರಣಿಯ ಸಂಬಳದ ಹಣ ಓಡಾಡಿದ ಪೇಟೆ ಮಾತ್ರ ಕೆಳಗಿನ ಬಯಲಿನಲ್ಲಿ, ಹೊಳೆಗೆ ಹತ್ತಿರದಲ್ಲಿ ಬೆಳೆಯಿತು. ದನದ ಪೇಟೆ, ಮಟನ್ ಮಾರ್ಕೆಟ್ ಮತ್ತು ಅವುಗಳ ಸುತ್ತಲಿನ ಓಣಿಗಳು ಮತ್ತೆ ಮತ್ತೆ ಜಲಾವೃತವಾಗುವುದಕ್ಕೆ ಮೂಲ ಕಾರಣ ಇದೇ, ಯಾರೊಬ್ಬರ ಅಲಕ್ಷ್ಯಕ್ಕಿಂತ ಮುಂಚಿನದು ಇದು.

ಜಲಾಶಯದಿಂದ ಎಷ್ಟು ನೆರವು ನಿರೀಕ್ಷಿಸಬಹುದು ಎಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಒಂದು ಲಕ್ಷ ಕ್ಯುಸೆಕ್ ನೀರು, ಅಂದರೆ ಸೆಕೆಂಡಿಗೆ ಒಂದು ಲಕ್ಷ ಘನ ಅಡಿ, ಒಂದು ದಿನ ಹರಿದರೆ 8.64 ಟಿಎಂಸಿ ಅಡಿ ಆಗುತ್ತದೆ. ಜಲಾಶಯದಲ್ಲಿ 5 ಟಿಎಂಸಿ ಅಡಿಯಷ್ಟು ಜಾಗ ಖಾಲಿ ಇದೆ, ಒಳಹರಿವು 60 ಸಾವಿರ ಕ್ಯುಸೆಕ್ ಇದೆ, ಕೆಳಗೆ 40 ಸಾವಿರ ಮಾತ್ರ ಬಿಡುತ್ತಾರೆ ಎಂದು ಭಾವಿಸಿ. ಆಗ ದಿನಕ್ಕೆ ಸುಮಾರು 1.73 ಟಿಎಂಸಿ ಅಡಿ ನೀರು ಒಳಗೆ ಉಳಿಯುತ್ತದೆ, ಖಾಲಿ ಜಾಗ ಹೆಚ್ಚುಕಡಿಮೆ ಮೂರು ದಿನಕ್ಕೆ ಸಾಕಾಗುತ್ತದೆ. ಹಿರಣ್ಯಕೇಶಿ, ಮಾರ್ಕಂಡೇಯಗಳ ಏರುನೀರು ಇಳಿದುಹೋಗಲು ಆ ಮೂರು ದಿನ ಬಹು ದೊಡ್ಡ ಅವಕಾಶ. ಆದರೆ ಜಲಾಶಯ ಅಷ್ಟರಲ್ಲಿ ತುಂಬಿಬಿಟ್ಟಿದ್ದರೆ ಬಂದಷ್ಟನ್ನೂ ಬಿಡದೆ ಗತ್ಯಂತರವಿಲ್ಲ. ಇನ್ನೊಂದು ಕಡೆ, ಜಲಾಶಯ ಖಾಲಿ ಇಟ್ಟುಕೊಂಡು ಮಳೆ ಕೈಕೊಟ್ಟರೆ ಕಾಲುವೆಯ ಕೊನೆಯ ರೈತನ ಕಬ್ಬು, ಗೋವಿನಜೋಳ ಒಣಗುತ್ತವೆ. ಹೀಗಾಗಿ ಜುಲೈ ಮತ್ತು ಆಗಸ್ಟ್‌ನಲ್ಲಿ ಯಾವ ವಾರಕ್ಕೆ ಎಷ್ಟು ಮಟ್ಟ ಎಂಬ ನಿಯಮಪಟ್ಟಿಯನ್ನು ಮೇಲಿನ ಮೂರೂ ಹೊಳೆಗಳ ಮಳೆಯ ಮುನ್ಸೂಚನೆಗೆ ಜೋಡಿಸಿ ನಡೆಸುವುದೇ ಉಳಿದಿರುವ ದಾರಿ, ಆ ಪಟ್ಟಿ ಸಾರ್ವಜನಿಕರಿಗೆ ತಿಳಿದಿರಬೇಕು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ಪ್ರಕಾರ ದೊಡ್ಡ ಅಣೆಕಟ್ಟುಗಳಿಗೆ ತುರ್ತು ಕ್ರಿಯಾ ಯೋಜನೆ ಇರಲೇಬೇಕು. ಎಷ್ಟು ನೀರು ಬಿಟ್ಟರೆ ಕೆಳಗಿನ ಯಾವ ಓಣಿಗೆ ಎಷ್ಟು ಹೊತ್ತಿನಲ್ಲಿ ನೀರು ಬರುತ್ತದೆ ಎಂಬ ನಕ್ಷೆಯಿಲ್ಲದೆ ಅಂಥ ಯೋಜನೆಗೆ ಅರ್ಥವಿಲ್ಲ. ಪೇಟೆಯ ವ್ಯಾಪಾರಿಗಳ ಸಂಘ ಕೇಳಬೇಕಾದ ಮೊದಲ ಕಾಗದ ಅದು.

ಈಗ ಗೋಡೆಯ ವಿಷಯ. ಮಹಾಪೂರದಲ್ಲಿ ಹೊಳೆ ಹರಿಯುವ ಅಗಲವನ್ನು ಎರಡೂ ಕಡೆ ಗೋಡೆ ಕಟ್ಟಿ ಅರ್ಧಕ್ಕೆ ಇಳಿಸಿದರೆ, ಅಷ್ಟೇ ನೀರು ಅದೇ ಇಳಿಜಾರಿನಲ್ಲಿ ಹರಿಯಲು ಆಳ ಸುಮಾರು ಒಂದೂವರೆ ಪಟ್ಟು ಬೇಕಾಗುತ್ತದೆ. ಅಂದರೆ ಗೋಡೆಯೇ ನೀರಿನ ಮಟ್ಟವನ್ನು ಏರಿಸುತ್ತದೆ, ಏರಿದ ಮಟ್ಟದ ಪರಿಣಾಮ ಮೇಲ್ಭಾಗದ ಹೊಲಗಳಿಗೂ ಎದುರು ದಂಡೆಯ ಊರಿಗೂ ತಟ್ಟುತ್ತದೆ. ಲೋಳಸೂರಿನ ಕಡೆಯವರನ್ನು ಮುಳುಗಿಸಿ ಗೋಕಾಕದ ಪೇಟೆಯನ್ನು ಉಳಿಸುವ ಯೋಜನೆಯನ್ನು ಯಾವ ಎಂಜಿನಿಯರನೂ ಸಹಿ ಹಾಕಿ ಕೊಡಬಾರದು. ಗೋಡೆಯ ಹಿಂದಿನ ಮಳೆನೀರಿನ ಗತಿಯನ್ನೂ ಯೋಚಿಸಬೇಕು. ಊರಿನ ಮೇಲೆಯೇ ಸುರಿದ ಮಳೆ ಗಟಾರಗಳ ಮೂಲಕ ಹೊಳೆಗೆ ಹೋಗಬೇಕು, ಹೊಳೆಯ ಮಟ್ಟ ಗಟಾರದ ಬಾಯಿಗಿಂತ ಮೇಲಿದ್ದಾಗ ಅದೇ ಗಟಾರದಲ್ಲಿ ನೀರು ಹಿಂದಕ್ಕೆ ಊರೊಳಗೆ ನುಗ್ಗುತ್ತದೆ. ಇದನ್ನು ತಡೆಯಲು ಪ್ರತಿ ಗಟಾರದ ಬಾಯಿಗೂ ಒಂದೇ ದಿಕ್ಕಿಗೆ ತೆರೆಯುವ ಕವಾಟ ಬೇಕು. ಕವಾಟ ಮುಚ್ಚಿದ ಹೊತ್ತಿನಲ್ಲಿ ಒಳಗಿನ ಮಳೆನೀರನ್ನು ಎತ್ತಿ ಹೊರಹಾಕಲು ಪಂಪು, ಆ ಪಂಪಿಗೆ ಹೆಸ್ಕಾಂ ವಿದ್ಯುತ್ ಹೋದಾಗಲೂ ನಡೆಯುವ ಡೀಸೆಲ್ ಜನರೇಟರ್, ಪಂಪಿನ ಬಳಿ ನೀರು ನಿಲ್ಲಲು ಒಂದು ತಗ್ಗು ಜಾಗ ಬೇಕು. ಗೋಡೆಗೆ ಹಣ ಸಿಗುತ್ತದೆ, ಕವಾಟದ ತುಕ್ಕು ತೆಗೆಯಲು, ಪಂಪನ್ನು ಮೇ ತಿಂಗಳಲ್ಲಿ ಪರೀಕ್ಷಿಸಿ ನೋಡಲು ಹಣ ಸಿಗುವುದಿಲ್ಲ. ಕಲ್ಲು, ಕಾಂಕ್ರೀಟಿನ ಬದಲು ಮಣ್ಣಿನ ಏರಿ ಹಾಕುವುದಾದರೆ ನಮ್ಮ ಎರೆಮಣ್ಣನ್ನು ಹಾಗೆಯೇ ಬಳಸುವಂತಿಲ್ಲ. ಬೇಸಿಗೆಯಲ್ಲಿ ಬಿರುಕು ಬಿಡುವ ಆ ಮಣ್ಣಿನ ಏರಿಗೆ ಮೊದಲ ದೊಡ್ಡ ನೀರು ಬಂದಾಗ ಆ ಬಿರುಕುಗಳೇ ಸೋರುವ ದಾರಿಗಳಾಗುತ್ತವೆ.

ಇಷ್ಟು ಹೇಳಿದರೂ ಗೋಡೆ ಎಲ್ಲಿಯೂ ಬೇಡವೆಂದು ನಾನು ಹೇಳುತ್ತಿಲ್ಲ. ಆಸ್ಪತ್ರೆ, ಕುಡಿಯುವ ನೀರಿನ ಜಾಕ್‌ವೆಲ್ (ಹೊಳೆಯಿಂದ ನೀರೆತ್ತುವ ಬಾವಿ), ವಿದ್ಯುತ್ ಉಪಕೇಂದ್ರದಂಥ ಸ್ಥಳಾಂತರಿಸಲಾಗದ ಕೆಲವೇ ಸ್ಥಳಗಳನ್ನು ಸುತ್ತುವರಿದ ಗಿಡ್ಡ ಗೋಡೆ, ಹೊಳೆಯ ಅಂಚಿನಿಂದ ಹಿಂದೆ ಸರಿದು ನೈಸರ್ಗಿಕ ದಿಬ್ಬಕ್ಕೆ ಸೇರಿಸಿ ಕಟ್ಟಿದ ಏರಿ, ಇವು ಉಪಯುಕ್ತ. ನೆದರ್‌ಲ್ಯಾಂಡ್ಸ್‌ನ ನೈಮೆಗೆನ್ ಪಟ್ಟಣದಲ್ಲಿ ವಾಲ್ ನದಿಯ ಏರಿಯನ್ನು ಎತ್ತರಿಸುವುದನ್ನು ಬಿಟ್ಟು ಸುಮಾರು 350 ಮೀಟರ್ ಹಿಂದಕ್ಕೆ ಸರಿಸಿ, ಪಕ್ಕದಲ್ಲಿ ಇನ್ನೊಂದು ಕಾಲುವೆ ತೋಡಿದರು. ಮಹಾಪೂರದ ಮಟ್ಟ ಅದರಿಂದ ಸುಮಾರು 35 ಸೆಂಟಿಮೀಟರ್ ಇಳಿಯಿತು. ಕೇಳಲು ಸಣ್ಣ ಅಂಕಿ ಇದು, ಆದರೆ ಅಂಗಡಿಯ ಹೊಸ್ತಿಲಿನ ಲೆಕ್ಕದಲ್ಲಿ ನೋಡಿದರೆ 35 ಸೆಂಟಿಮೀಟರ್ ಎಂದರೆ ಎರಡು ಮೆಟ್ಟಿಲು. ಅಲ್ಲಿಯೂ ಏರಿ ಹಿಂದೆ ಸರಿದಾಗ ಕೆಲವು ಮನೆಗಳನ್ನು ತೆಗೆಯಬೇಕಾಯಿತು, ನೋವಿಲ್ಲದೆ ಆದ ಕೆಲಸವಲ್ಲ.

ಗೋಡೆಗಿಂತ ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುವ ಕೆಲಸವೊಂದು ಹೊಳೆಯ ಒಳಗೇ ಇದೆ. ಲೋಳಸೂರ ಸೇತುವೆ, ಮಾರ್ಕಂಡೇಯದ ಮೇಲಿನ ಚಿಕ್ಕೋಳಿ ಸೇತುವೆ ಮುಳುಗಿದವೆಂಬ ಸುದ್ದಿ 2019ರ ನಂತರವೂ ಮಳೆಗಾಲದಲ್ಲಿ ಬಂದಿದೆ. ಮುಳುಗುವ ಸೇತುವೆ ಸಂಚಾರಕ್ಕೆ ತೊಂದರೆ ಎಂಬುದನ್ನು ಎಲ್ಲರೂ ಬಲ್ಲರು, ಅದೇ ಸೇತುವೆ ನೀರಿಗೆ ಅಡ್ಡಗಟ್ಟೆಯಾಗುತ್ತದೆ ಎಂಬುದರ ಕಡೆ ಗಮನ ಹೋಗುವುದು ಅಪರೂಪ. ಕಂಬಗಳ ನಡುವೆ ಮರದ ಬೊಡ್ಡೆ, ಕಬ್ಬಿನ ಸೋಗೆ, ಅಂತರಗಂಗೆ ಸಿಕ್ಕಿಕೊಂಡರೆ ಕಿಂಡಿಗಳು ಕಿರಿದಾಗಿ ಮೇಲ್ಭಾಗದಲ್ಲಿ ನೀರು ಏರುತ್ತದೆ. ಹೊಸ ಸೇತುವೆಯನ್ನು ಎತ್ತರಿಸಿ ಕಟ್ಟುವಾಗ ಅದರ ಎರಡೂ ಬದಿಯ ರಸ್ತೆಯನ್ನು ಮಣ್ಣು ತುಂಬಿ ಎತ್ತರಿಸಿಬಿಟ್ಟರೆ ಬಯಲಿನ ಮೇಲೆ ಹರಡಿ ಹರಿಯಬೇಕಾದ ನೀರಿಗೆ ಆ ರಸ್ತೆಯೇ ಅಣೆಕಟ್ಟಾಗುತ್ತದೆ. ಆದ್ದರಿಂದ ಬಯಲಿನ ಭಾಗದಲ್ಲಿಯೂ ಕಂಬಗಳ ಮೇಲೆ ರಸ್ತೆ ಹೋಗಬೇಕು, ಇಲ್ಲವೇ ಸಾಲಾಗಿ ದೊಡ್ಡ ಕಿಂಡಿಗಳಿರಬೇಕು. ಕೊಲ್ಹಾಪುರ ಮಾದರಿಯ ಬಾಂದಾರಗಳ, ಅಂದರೆ ಕಂಬಗಳ ನಡುವೆ ಹಲಗೆ ಹಾಕಿ ನೀರು ನಿಲ್ಲಿಸುವ ಗಿಡ್ಡ ಒಡ್ಡುಗಳ, ಹಲಗೆಗಳನ್ನು ಮಳೆಗಾಲಕ್ಕೆ ಮುಂಚೆ ತೆಗೆಯುವುದು ನಿಯಮ. ಮುಂಗಾರು ತಡವಾದ ವರ್ಷ ನೀರು ಉಳಿಸಿಕೊಳ್ಳುವ ಆಸೆಯಿಂದ ಹಲಗೆ ತೆಗೆಯುವುದೂ ತಡವಾದರೆ, ಏರುನೀರು ಬಂದ ಮೇಲೆ ಅವನ್ನು ತೆಗೆಯಲು ಯಾರಿಂದಲೂ ಆಗುವುದಿಲ್ಲ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ, ಒಂದು ಕಾಲದ ಉಣ್ಣೆ ಗಿರಣಿಗಳ ಊರಿನಲ್ಲಿ, ಏರ್ ನದಿಯ ಹಳೆಯ ಸ್ಥಿರ ಒಡ್ಡುಗಳನ್ನು ತೆಗೆದು ಮಹಾಪೂರ ಬಂದಾಗ ಕೆಳಗಿಳಿಸಬಹುದಾದ ಒಡ್ಡುಗಳನ್ನು ಹಾಕಿದರು. 2017ರಲ್ಲಿ ಆ ಹಂತ ಮುಗಿಯಿತು. ನಗರದ ನಡುವೆ ಗೋಡೆಯನ್ನು ಗಿಡ್ಡವಾಗಿ ಇಡಲು, ಹೊಳೆ ಕಣ್ಣಿಗೆ ಕಾಣುವಂತೆ ಉಳಿಸಿಕೊಳ್ಳಲು ಅದರಿಂದ ಸಾಧ್ಯವಾಯಿತು. ಮುಂದಿನ ಹಂತದಲ್ಲಿ ಅವರು ನಗರ ಬಿಟ್ಟು ಹೊಳೆಯ ಮೇಲ್ಭಾಗಕ್ಕೆ ಹೋಗಿ ಗಿಡ ನೆಡುವ, ನೀರು ನಿಲ್ಲಿಸುವ ಜಾಗ ಮಾಡುವ ಕೆಲಸ ಕೈಗೆತ್ತಿಕೊಂಡರು.

ಮೇಲೆ ಹೇಳಿದ ನೀರಿನ ಗೆರೆಗೆ ಬರೋಣ. ‘ನೂರು ವರ್ಷಕ್ಕೊಮ್ಮೆ ಬರುವ ಮಹಾಪೂರ’ ಎಂಬ ಮಾತು ಜನರಿಗೆ ತಪ್ಪು ಧೈರ್ಯ ಕೊಡುತ್ತದೆ. ಅದರ ಅರ್ಥ ಪ್ರತಿ ವರ್ಷವೂ ಅಂಥದ್ದು ಬರುವ ಸಾಧ್ಯತೆ ಶೇ 1 ಎಂದು. ಒಂದು ಕಟ್ಟಡಕ್ಕೆ ಸಾಲ ತೀರಿ ಲಾಭ ಬರುವ ಅವಧಿ 30 ವರ್ಷ ಎಂದುಕೊಂಡರೆ, ಆ ಅವಧಿಯಲ್ಲಿ ಅಂಥ ಮಹಾಪೂರ ಒಮ್ಮೆಯಾದರೂ ಬರುವ ಸಾಧ್ಯತೆ ಶೇ 26. 50 ವರ್ಷದ ಮಹಾಪೂರಕ್ಕೆ ಅದು ಶೇ 45, 25 ವರ್ಷದ್ದಕ್ಕೆ ಶೇ 71. ಈ ಮೂರು ಮಟ್ಟಗಳನ್ನು ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಎಂಬ ಅಳತೆಯಲ್ಲಿ ಲೆಕ್ಕ ಹಾಕಿ, ಓಣಿ ಓಣಿಯ ನಕ್ಷೆಯ ಮೇಲೆ ಗೆರೆ ಎಳೆಯಬೇಕು. ಲೆಕ್ಕ ಸರಿಯಿದೆಯೇ ಎಂದು ಪರಿಶೀಲಿಸಲು 2019ರ ನೀರಿನ ಗುರುತುಗಳಿಗಿಂತ ಉತ್ತಮ ಸಾಕ್ಷಿಯಿಲ್ಲ. ಗೋಡೆಗಳಿಗೆ ಸುಣ್ಣ ಬಳಿದು ಆ ಗುರುತುಗಳು ಅಳಿಸಿಹೋಗುತ್ತಿವೆ. ನಿಮ್ಮ ಗೋಡೆಯ ಮೇಲೆ ಇನ್ನೂ ಇದ್ದರೆ ದಯವಿಟ್ಟು ಅದರ ಮೇಲೆ ಒಂದು ಕಲ್ಲಿನ ಪಟ್ಟಿ ಕೂರಿಸಿ, ಅಕ್ಕಪಕ್ಕದವರಿಗೂ ಹೇಳಿ. ಪ್ರವಾಹದ ಬಯಲನ್ನು ವಲಯಗಳಾಗಿ ವಿಂಗಡಿಸುವ ಮಾದರಿ ಮಸೂದೆಯನ್ನು ಕೇಂದ್ರ 1975ರಲ್ಲಿಯೇ ರಾಜ್ಯಗಳಿಗೆ ಕಳುಹಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಬೆರಳೆಣಿಕೆಯ ರಾಜ್ಯಗಳನ್ನು ಬಿಟ್ಟರೆ ಅದು ಕಾನೂನಾಗಲಿಲ್ಲ. ಪ್ರತ್ಯೇಕ ಕಾನೂನಿಗೆ ಕಾಯುವ ಅಗತ್ಯವೂ ಇಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಅಡಿಯಲ್ಲಿ ಸಿದ್ಧವಾಗುವ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಈ ಗೆರೆಗಳು ಸೇರಿ, ಕಟ್ಟಡ ಪರವಾನಿಗೆಯ ಷರತ್ತಿನಲ್ಲಿ ನೆಲಮಟ್ಟದ ಅಂಕಿ ಬರುವಂತಾದರೆ ಕೆಲಸ ನಡೆಯುತ್ತದೆ.

ಗೆರೆ ಎಳೆದ ಮೇಲೆ ಅತಿ ತಗ್ಗಿನ ಪಟ್ಟಿಯಲ್ಲಿ, ಅಂದರೆ ಹೊಳೆಯ ವೇಗದ ಹರಿವೇ ಬರುವ ಜಾಗದಲ್ಲಿ, ಯಾರೂ ವಾಸಿಸಬಾರದು, ಯಾವ ಮಳಿಗೆಯೂ ಇರಬಾರದು. ಅಲ್ಲಿ ಸಂತೆ ಮೈದಾನ, ಜಾನುವಾರು ಮಾರುಕಟ್ಟೆ, ಆಟದ ಬಯಲು, ತೋಟ, ಎತ್ತಿಕೊಂಡು ಹೋಗಬಹುದಾದ ಗಾಡಿ ಅಂಗಡಿಗಳು ಇರಬಹುದು. ವರ್ಷದ ಬಹುಪಾಲು ದಿನ ಅವು ಊರಿಗೆ ಉಪಯೋಗ, ಮಳೆಗಾಲದ ಕೆಲವು ದಿನ ನೀರಿಗೆ ಬಿಟ್ಟುಕೊಟ್ಟ ಜಾಗ. ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ 2001ರಲ್ಲಿ ಮುಚ್ಚಿದ ಉಕ್ಕಿನ ಕಾರ್ಖಾನೆಯೊಂದರ ನೆಲವನ್ನು ತೋಡಿ ಸುಮಾರು 24 ಹೆಕ್ಟೇರಿನ ಕೆರೆ ಮಾಡಿದರು. 2011ರಲ್ಲಿ ಜನರಿಗೆ ತೆರೆದ ಆ ಕೆರೆ ಪಕ್ಕದ ಎಂಶರ್ ಹೊಳೆಯ ಏರುನೀರನ್ನು ತಾತ್ಕಾಲಿಕವಾಗಿ ಹಿಡಿದುಕೊಳ್ಳುತ್ತದೆ, ಅದರ ದಂಡೆಯಲ್ಲಿ ಹೊಸ ಬಡಾವಣೆಯೂ ಬೆಳೆಯಿತು. ಆ ಉದಾಹರಣೆಯಲ್ಲಿ ನನಗೆ ಮೆಚ್ಚಿಗೆಯಾಗದ ಒಂದು ಅಂಶವೆಂದರೆ, ಹಳೆಯ ಕಾರ್ಮಿಕರ ನೆರೆಹೊರೆಯ ಮಗ್ಗುಲಲ್ಲಿ ಎದ್ದ ಆ ಮನೆಗಳು ಕೈತುಂಬ ಹಣವಿದ್ದವರಿಗೆ ಮಾತ್ರ ನಿಲುಕುವಂತಾದವು.

ಇದು ನಮ್ಮಲ್ಲಿಯೂ ಆಗಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಅತಿ ತಗ್ಗಿನ ಓಣಿಗಳಲ್ಲಿ ಇರುವವರು ಬಹುಪಾಲು ಕೂಲಿಕಾರರು, ಕುಶಲಕರ್ಮಿಗಳು, ಬಾಡಿಗೆದಾರರು. ‘ಇದು ಅಪಾಯದ ಜಾಗ’ ಎಂದು ಅವರನ್ನು ಎಬ್ಬಿಸಿ, ಎರಡು ವರ್ಷದ ನಂತರ ಅದೇ ನೆಲಕ್ಕೆ ಮಣ್ಣು ತುಂಬಿ ವಾಣಿಜ್ಯ ಸಂಕೀರ್ಣ ಕಟ್ಟಿದರೆ ಅದು ಅನ್ಯಾಯ, ಜೊತೆಗೆ ಮಣ್ಣು ತುಂಬಿದ್ದರಿಂದ ಸ್ಥಳ ಕಳೆದುಕೊಂಡ ನೀರು ಪಕ್ಕದ ಓಣಿಗೆ ಹೋಗುತ್ತದೆ. ಯಾರನ್ನು ಎಲ್ಲಿಂದ ತೆಗೆಯಲಾಗುತ್ತದೆಯೋ ಆ ಜಾಗ ಶಾಶ್ವತವಾಗಿ ಬಯಲಾಗಿಯೇ ಉಳಿಯಬೇಕು ಎಂಬ ಷರತ್ತು ಸ್ಥಳಾಂತರದ ಆದೇಶದಲ್ಲಿಯೇ ಇರಬೇಕು. ಸ್ಥಳಾಂತರ ಎಷ್ಟು ಕಷ್ಟ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಆಲಮಟ್ಟಿ ಹಿನ್ನೀರಿಗಾಗಿ ಬಾಗಲಕೋಟೆಯ ಹಳೆಯ ಊರಿನವರಿಗೆ ನವನಗರ ಕಟ್ಟಿದರು, ಚಾರ್ಲ್ಸ್ ಕೊರಿಯಾ ಅವರಂಥ ದೊಡ್ಡ ವಾಸ್ತುಶಿಲ್ಪಿ ಅದರ ಯೋಜನೆಯಲ್ಲಿದ್ದರು. ಹಾಗಿದ್ದೂ ನಿವೇಶನ ಸಿಕ್ಕ ಮಾತ್ರಕ್ಕೆ ಪೇಟೆ ಎದ್ದು ಹೋಗಲಿಲ್ಲ. ಗಿರಾಕಿ, ಉದ್ರಿ, ದೇವಸ್ಥಾನ, ಬಸ್ಸು ಇವೆಲ್ಲ ಹಳೆಯ ಊರಿನಲ್ಲಿದ್ದವು, ವ್ಯಾಪಾರ ಅವುಗಳ ಜೊತೆಗೆ ಅಲ್ಲಿಯೇ ಉಳಿಯಿತು. ಹಾಗಾಗಿ ತಗ್ಗಿನ ಪಟ್ಟಿಯವರಿಗೆ ಹೊಸ ಮನೆ ಕೊಡುವುದಾದರೆ ಅದು ಹಳೆಯ ಪೇಟೆಯಿಂದ ನಡೆದು ಹೋಗುವಷ್ಟು ಹತ್ತಿರದ ದಿಬ್ಬದ ಮೇಲೆ ಇರಬೇಕು. ಬಾಡಿಗೆದಾರನಿಗೂ ಹಕ್ಕುಪತ್ರ ಸಿಗಬೇಕು, ಮನೆಯ ಜೊತೆಗೆ ಕೆಲಸ ಮಾಡುವ ಜಾಗವೂ ಸಿಗಬೇಕು.

ಮಧ್ಯದ ಪಟ್ಟಿ, ಅಂದರೆ ನೀರು ನಿಧಾನವಾಗಿ ಬಂದು ನಿಂತು ಇಳಿಯುವ ಓಣಿಗಳು, ನಿಜವಾದ ಪುನರುಜ್ಜೀವನದ ಜಾಗ. ಅಲ್ಲಿ ಪೇಟೆಯನ್ನು ಉಳಿಸಬಹುದು, ಉಳಿಸಬೇಕು ಕೂಡ. ಒಂದೇ ಮಾತಿನಲ್ಲಿ ಹೇಳುವುದಾದರೆ, ಬೆಲೆಬಾಳುವುದು ಮೇಲೆ, ನೆನೆದರೂ ತೊಳೆದುಕೊಳ್ಳಬಹುದಾದದ್ದು ಕೆಳಗೆ. ನೆಲಮಹಡಿಯಲ್ಲಿ ಗಾರೆಯ ಬದಲು ಕಡಪಾ ಅಥವಾ ಶಹಾಬಾದ್ ಕಲ್ಲು, ಗೋಡೆಗೆ ಜಿಪ್ಸಂ ಬದಲು ಸಿಮೆಂಟ್ ಗಿಲಾವು, ಪ್ಲೈವುಡ್ ಕಪಾಟಿನ ಬದಲು ಉಕ್ಕಿನ ಅಥವಾ ಕಲ್ಲಿನ ಹಲಗೆ. ಮೇನ್ ಸ್ವಿಚ್ಚು, ಮೀಟರು, ಇನ್ವರ್ಟರು 2019ರ ಗುರುತಿಗಿಂತ ಕನಿಷ್ಠ ಅರ್ಧ ಮೀಟರ್ ಮೇಲೆ, ತಂತಿಗಳು ಛಾವಣಿಯಿಂದ ಕೆಳಗೆ ಇಳಿದು ಬರಬೇಕು. ಶೌಚಾಲಯದ ಕೊಳವೆಗೂ ಹಿಮ್ಮುಖ ತಡೆಯುವ ಕವಾಟ ಬೇಕು, ಏಕೆಂದರೆ ಬಾಗಿಲಿಗಿಂತ ಮೊದಲು ನೀರು ಒಳಗೆ ಬರುವುದು ಅಲ್ಲಿಂದ. ಯಂತ್ರಗಳಿರುವ ಕೈಗಾರಿಕೆಯಲ್ಲಿ ಈ ಸೂತ್ರ ಕಷ್ಟಕರವಾಗುತ್ತದೆ. ಮಲಪ್ರಭೆಯ ದಂಡೆಯ ರಾಮದುರ್ಗದಲ್ಲಿ 2019ರಲ್ಲಿ ನೇಕಾರರ ಮನೆಗಳಿಗೆ ನೀರು ನುಗ್ಗಿತು. ಕುಣಿಮಗ್ಗದ ಕುಣಿ ಎಲ್ಲಕ್ಕಿಂತ ಮೊದಲು ತುಂಬುತ್ತದೆ, ವಿದ್ಯುತ್ ಮಗ್ಗವನ್ನು ಅದರ ತೂಕ ಮತ್ತು ಅದುರುವಿಕೆಯಿಂದಾಗಿ ಸಾಧಾರಣ ಮಹಡಿಯ ಮೇಲೆ ಇಡುವಂತಿಲ್ಲ. ಅಂಥಲ್ಲಿ ಎತ್ತರದ ನೆಲದ ಮೇಲೆ ಹತ್ತಾರು ಕುಟುಂಬಗಳು ಕೂಡಿ ಬಳಸುವ ಮಗ್ಗದ ಶೆಡ್ಡು ಕಟ್ಟುವುದೊಂದೇ ಬಾಳಿಕೆಯ ಪರಿಹಾರ. ರಾಸಾಯನಿಕ, ಬಣ್ಣ, ಕೀಟನಾಶಕ, ಎಣ್ಣೆಯ ದಾಸ್ತಾನುಗಳಿಗೆ ಮಧ್ಯದ ಪಟ್ಟಿಯಲ್ಲಿ ನೆಲಮಹಡಿಯ ಪರವಾನಿಗೆಯನ್ನೇ ಕೊಡಬಾರದು, ಏಕೆಂದರೆ ಒಬ್ಬರ ಗೋದಾಮಿನಿಂದ ಹೊರಬಂದ ಕೀಟನಾಶಕ ಇಡೀ ಓಣಿಯ ಮನೆಗಳಿಗೆ, ಬಾವಿಗಳಿಗೆ ಸೇರುತ್ತದೆ.

ಬಾಗಿಲಿಗೆ ಹಾಕುವ ತಡೆಹಲಗೆಗಳ ಬಗ್ಗೆ ಒಂದು ಎಚ್ಚರಿಕೆ. ಎರಡೂ ಕಡೆ ತೋಡಿರುವ ಕಬ್ಬಿಣದ ಪಟ್ಟಿ ಕೂರಿಸಿ, ರಬ್ಬರ್ ಅಂಚಿನ ಅಲ್ಯೂಮಿನಿಯಂ ಹಲಗೆ ಇಳಿಸಿದರೆ ಸಣ್ಣ ನೀರು ಒಳಗೆ ಬರುವುದಿಲ್ಲ. ಆದರೆ ನೀರಿನ ಆಳ ಎರಡು ಪಟ್ಟಾದರೆ ಗೋಡೆಯನ್ನು ತಳ್ಳುವ ಒಟ್ಟು ಬಲ ನಾಲ್ಕು ಪಟ್ಟಾಗುತ್ತದೆ. ಒಂದು ಮೀಟರ್ ಆಳಕ್ಕೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 500 ಕಿಲೋ ತೂಕದಷ್ಟು, ಎರಡು ಮೀಟರ್ ಆಳಕ್ಕೆ 2,000 ಕಿಲೋ. ಹಳೆಯ ಮಣ್ಣು, ಕಲ್ಲಿನ ಗೋಡೆಗಳು ಇದನ್ನು ತಡೆಯಲಾರವು. ಸುಮಾರು 60 ಸೆಂಟಿಮೀಟರ್‌ವರೆಗೆ ನೀರನ್ನು ಹೊರಗೆ ತಡೆಯಿರಿ, ಅದಕ್ಕಿಂತ ಮೇಲೆ ಏರಿದರೆ ಹಲಗೆ ತೆಗೆದು ನೀರನ್ನು ಒಳಗೆ ಬಿಡಿ. ಒಳಗೂ ಹೊರಗೂ ನೀರು ಸಮವಾಗಿದ್ದರೆ ಗೋಡೆ ಉಳಿಯುತ್ತದೆ, ಗೋಡೆ ಉಳಿದರೆ ಮೇಲಿನ ಮನೆಯೂ ಉಳಿಯುತ್ತದೆ.

ಇದಕ್ಕೆಲ್ಲ ಹಣ ಎಲ್ಲಿಂದ ಎಂಬ ಪ್ರಶ್ನೆ ಸಹಜ. ಸೇತುವೆ, ಗಟಾರ, ಏರಿಗಳ ಖರ್ಚು ಸರ್ಕಾರದ್ದೇ. ನಿರ್ವಹಣೆಯ ಖರ್ಚಿಗೆ ಮಾತ್ರ ಊರಿನದೇ ಆದ, ಬೇರೆ ಕಡೆಗೆ ತಿರುಗಿಸಲಾಗದ ನಿಧಿ ಇರಬೇಕೆಂದು ನನ್ನ ಖಚಿತ ಅಭಿಪ್ರಾಯ. ಉಕ್ಕು, ಚಾಕು, ಚಮಚಗಳಿಗೆ ಹೆಸರಾದ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 2007ರ ಜೂನ್‌ನಲ್ಲಿ ಡಾನ್ ನದಿ ಕೈಗಾರಿಕಾ ಕಣಿವೆಯನ್ನು ಮುಳುಗಿಸಿದ ಮೇಲೆ, ಅಲ್ಲಿನ ಉದ್ಯಮಗಳೇ ಮತ ಹಾಕಿ ತಮ್ಮ ಮೇಲೆ ಒಂದು ಹೆಚ್ಚುವರಿ ಕರವನ್ನು ಒಪ್ಪಿಕೊಂಡು ರಕ್ಷಣಾ ಕಾಮಗಾರಿಗೆ ಪಾಲು ಕೊಟ್ಟವು. ಹಣ ಕೊಟ್ಟವರು ಕೆಲಸ ಆಯಿತೇ ಎಂದು ಕೇಳುತ್ತಾರೆ, ಕವಾಟಕ್ಕೆ ಎಣ್ಣೆ ಹಾಕಿದರೇ ಎಂದೂ ಕೇಳುತ್ತಾರೆ. ಗೋಕಾಕದ ಪೇಟೆಗೆ ಅಷ್ಟು ಬಲವಿದೆ ಎಂದು ನಾನು ನಂಬುತ್ತೇನೆ.

ಕೊನೆಗೆ ನಿಮ್ಮ ಕಟ್ಟಡ. ಅತಿ ತಗ್ಗಿನ ಪಟ್ಟಿಯಲ್ಲಿದ್ದರೆ, ಅಂದರೆ 2019ರಲ್ಲಿ ನಿಮ್ಮ ಓಣಿಯಲ್ಲಿ ನೀರು ಮನುಷ್ಯರನ್ನು ಎಳೆದೊಯ್ಯುವ ವೇಗದಲ್ಲಿ ಹರಿದಿದ್ದರೆ, ಅಲ್ಲಿ ಇನ್ನು ಒಂದು ರೂಪಾಯಿಯನ್ನೂ ಹಾಕಬೇಡಿ. ಸ್ಥಳಾಂತರದ ಹಕ್ಕಿಗಾಗಿ ದಾಖಲೆ ಜೋಡಿಸಿಕೊಳ್ಳಿ, ಮನೆಯ ಉತಾರ, ಕರ ತುಂಬಿದ ರಸೀದಿ, ಆಹಾರ ಪರವಾನಿಗೆ, 2019ರ ಪರಿಹಾರದ ಕಾಗದ ಇವುಗಳನ್ನು ಒಂದೆಡೆ ಇಡಿ. ನೀರು ನಿಧಾನವಾಗಿ ಏರಿ ನಿಂತು ಇಳಿದ ಓಣಿಯಾಗಿದ್ದರೆ ಅಂಗಡಿ ಅಲ್ಲಿಯೇ ಇರಲಿ, ಗಿರಾಕಿ ಬರುವುದು ಅಲ್ಲಿಗೆ. ಭಟ್ಟಿ ಮತ್ತು ದಾಸ್ತಾನನ್ನು ಬೇರ್ಪಡಿಸಿ. ಬೆಲ್ಲ, ಅಂಟು, ಕೊಬ್ಬರಿ, ಒಣಹಣ್ಣುಗಳ ಮಳೆಗಾಲದ ದಾಸ್ತಾನು ಜುಲೈನಿಂದ ಸೆಪ್ಟೆಂಬರ್‌ವರೆಗೆ ದಿಬ್ಬದ ಮೇಲೆ ಬಾಡಿಗೆಗೆ ಪಡೆದ ಒಂದು ಕೋಣೆಯಲ್ಲಿರಲಿ, ಅಂಗಡಿಯಲ್ಲಿ ವಾರದ ಮಾಲು ಮಾತ್ರ ಇರಲಿ. ಕಡಾಯಿ, ತೂಕದ ಯಂತ್ರ, ಪ್ಯಾಕಿಂಗ್ ಯಂತ್ರಗಳನ್ನು ಚಕ್ರದ ಮೇಜಿನ ಮೇಲೆ ಕೂರಿಸಿ, ಒಂದು ತಾಸಿನಲ್ಲಿ ಮಹಡಿಗೆ ಎತ್ತಲು ಅಗಲದ ಮೆಟ್ಟಿಲು ಅಥವಾ ರಾಟೆಯ ವ್ಯವಸ್ಥೆ ಮಾಡಿಕೊಳ್ಳಿ. ಗ್ಯಾಸ್ ಸಿಲಿಂಡರುಗಳನ್ನು ಎತ್ತಲಾಗದಿದ್ದರೆ ಗೋಡೆಗೆ ಸರಪಳಿಯಿಂದ ಕಟ್ಟಿ, ತೇಲುವ ಸಿಲಿಂಡರು ಬಾಗಿಲು ಮುರಿದುಕೊಂಡು ಹೋಗುತ್ತದೆ. ವಿಮೆಯ ಪತ್ರದಲ್ಲಿ ಬೆಂಕಿಯ ಜೊತೆಗೆ ಪ್ರವಾಹವೂ ಸೇರಿದೆಯೇ, ಕಟ್ಟಡಕ್ಕೆ ಮಾತ್ರವೇ ಇಲ್ಲವೇ ದಾಸ್ತಾನಿಗೂ ಅನ್ವಯವೇ ಎಂಬುದನ್ನು ಏಪ್ರಿಲ್‌ನಲ್ಲಿಯೇ ಓದಿ ನೋಡಿ. ಹಿಡಕಲ್‌ನ ಹೊರಹರಿವು ಎಷ್ಟಾದಾಗ, ಹಿರಣ್ಯಕೇಶಿ, ಮಾರ್ಕಂಡೇಯಗಳ ಸ್ಥಿತಿ ಹೇಗಿದ್ದಾಗ ನಿಮ್ಮ ಹೊಸ್ತಿಲಿಗೆ ನೀರು ಬಂತು ಎಂಬುದನ್ನು ಪ್ರತಿ ಮಳೆಗಾಲವೂ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ದಿನಾಂಕ, ಗಂಟೆ ಸಹಿತ ಬರೆದಿಡಿ. ಪೇಟೆಯ ಹತ್ತು ಅಂಗಡಿಯವರು ಹೀಗೆ ಬರೆದಿಟ್ಟರೆ, ನಗರಸಭೆಯಲ್ಲಿ ಪುನರ್ನಿರ್ಮಾಣದ ನಕ್ಷೆ ಮೇಜಿನ ಮೇಲೆ ಬಂದ ದಿನ ಎಂಜಿನಿಯರರ ಲೆಕ್ಕದ ಪಕ್ಕದಲ್ಲಿ ನಿಮ್ಮ ಲೆಕ್ಕವನ್ನೂ ಇಡಲು ಸಾಧ್ಯವಾಗುತ್ತದೆ.